ನೀರಿನಿಂದ 11 ಅಡಿ: ಹಗುರ ವಿಮಾನವನ್ನು ಮೋಜಿಗಾಗಿ ಕೆಳಮಟ್ಟದಲ್ಲಿ ಹಾರಿಸುವವರು ಮಾಡಿಕೊಳ್ಳಬೇಕಾದ ಸಿದ್ಧತೆ

2017ರ ನವೆಂಬರ್ 7ರಂದು ಮಧ್ಯಾಹ್ನ 12 ಗಂಟೆ ದಾಟಿ ಕೆಲವೇ ನಿಮಿಷಗಳಾಗಿದ್ದಾಗ, ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ ಎರಡು ಆಸನಗಳ ಪುಟ್ಟ ವಿಮಾನವೊಂದು ಸಮುದ್ರಕ್ಕೆ ಅಪ್ಪಳಿಸಿತು. ಅದು ತಲೆಕೆಳಗಾಗಿ ಬಿದ್ದಿದ್ದ ಜಾಗದಲ್ಲಿ ನೀರಿನ ಆಳ ಸುಮಾರು 4.5 ಅಡಿ ಮಾತ್ರ. ವಿಮಾನದಲ್ಲಿ ಒಬ್ಬರೇ ಇದ್ದರು. ಟೊರಾಂಟೊ ಬ್ಲೂ ಜೇಸ್ ಮತ್ತು ಫಿಲಡೆಲ್ಫಿಯಾ ಫಿಲೀಸ್ ತಂಡಗಳಿಗೆ ಆಡಿ, ಬೇಸ್‌ಬಾಲ್‌ನಲ್ಲಿ ಎಸೆತಗಾರರಿಗೆ ಸಲ್ಲುವ ಅತ್ಯುನ್ನತ ಗೌರವವಾದ ಸೈ ಯಂಗ್ ಪ್ರಶಸ್ತಿಯನ್ನು ಎರಡು ಬಾರಿ ಪಡೆದಿದ್ದ ರಾಯ್ ಹ್ಯಾಲಡೇ. ಅವರಿಗೆ 40 ವರ್ಷ. ಅವರು ಹಾರಿಸುತ್ತಿದ್ದುದು ನೆಲದಿಂದಲೂ ನೀರಿನಿಂದಲೂ ಮೇಲೇರಬಲ್ಲ ಐಕಾನ್ ಎ5 ಎಂಬ ಹಗುರ ವಿಮಾನ, ಮತ್ತು ಅದು ಅವರ ಕೈಸೇರಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ನೀರಿನ ಮೇಲೆ ಅದನ್ನು ಹಾರಿಸುವುದು ಯುದ್ಧವಿಮಾನ ಹಾರಿಸಿದಂತಿದೆ ಎಂದು ಅವರೇ ಬಹಿರಂಗವಾಗಿ ಬರೆದುಕೊಂಡಿದ್ದರು.

ಆ ದಿನ ಹವಾಮಾನ ಹಾರಾಟಕ್ಕೆ ಅಡ್ಡಿಯಾಗುವಂತಿರಲಿಲ್ಲ. ವಿಮಾನ 11 ಗಂಟೆ 47 ನಿಮಿಷಕ್ಕೆ ಒಡೆಸ್ಸಾ ಊರಿನ ಬಳಿಯ ಖಾಸಗಿ ಕೆರೆಯೊಂದರಿಂದ ಮೇಲೇರಿ 1,900 ಅಡಿ ಎತ್ತರಕ್ಕೆ ಹೋಯಿತು, ಉತ್ತರಕ್ಕೆ ಸ್ವಲ್ಪ ದೂರ ಸಾಗಿ ಪಶ್ಚಿಮಕ್ಕೆ, ಅಂದರೆ ಕಡಲಿನ ಕಡೆಗೆ ತಿರುಗಿತು, ಹೆದ್ದಾರಿಯ ಮೇಲೆ ಬರುವಷ್ಟರಲ್ಲಿ 600 ಅಡಿಗೆ, ನೀರಿನ ಮೇಲೆ ಬಂದ ಮೇಲೆ 36 ಅಡಿಗೆ ಇಳಿಯಿತು. ಅನಂತರ ಕಡಲತೀರವೊಂದರ ಪಕ್ಕದಲ್ಲಿ ನೀರಿನಿಂದ ಕೇವಲ 11 ಅಡಿ ಮೇಲೆ, 92 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಸಾಗಿತು. ಅಲ್ಲಿಂದ ಮುಂದೆ ಅದರ ಎತ್ತರ 11 ಅಡಿಗೂ 358 ಅಡಿಗೂ ನಡುವೆ ಏರಿಳಿಯುತ್ತಲೇ ಇತ್ತು. ದತ್ತಾಂಶ ಪೆಟ್ಟಿಗೆಯಲ್ಲಿ ಕೊನೆಯದಾಗಿ ದಾಖಲಾದ ಎತ್ತರ 200 ಅಡಿ, ವೇಗ 87 ನಾಟ್. ವಿಮಾನ ಮೇಲಕ್ಕೇರಿ, ತಿರುಗಿ, ಮೂಗನ್ನು ಸುಮಾರು 45 ಡಿಗ್ರಿ ಕೆಳಗೆ ಮಾಡಿಕೊಂಡು ನೀರಿಗೆ ಬಿದ್ದುದನ್ನು ಒಬ್ಬ ಸಾಕ್ಷಿ ಕಂಡಿದ್ದರು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿ, ವಾರಾಂತ್ಯದ ಹವ್ಯಾಸವಾಗಿ ಖಾಸಗಿ ಪೈಲಟ್ ಪರವಾನಗಿ ಪಡೆದ ಕನ್ನಡಿಗರು ಈಗ ಅಪರೂಪವಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟದ ಮೊದಲ ಪಾಠ ಕಲಿತವರೂ ಇದ್ದಾರೆ. ಅವರಲ್ಲಿ ಯಾರಿಗಾದರೂ ಒಂದು ದಿನ ಕೆರೆಯ ಮೇಲೋ ನದಿಯ ಗುಂಟವೋ ಕೆಳಗಿಳಿದು ಹಾರಬೇಕೆನ್ನಿಸುವುದು ಸಹಜ. ಹಾಗೆ ಹಾರಲೇಬೇಡಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಹಾರುವುದಾದರೆ ಏನನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು, ಯಾವುದನ್ನು ಗಾಳಿಯಲ್ಲಿ ತೀರ್ಮಾನಿಸಲು ಸಾಧ್ಯವೇ ಇಲ್ಲ ಎಂಬುದನ್ನು ಲೆಕ್ಕದೊಂದಿಗೆ ತೋರಿಸುವುದು ಇದರ ಉದ್ದೇಶ.

ಮೊದಲು ಲೆಕ್ಕ

ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಈ ಲೆಕ್ಕವನ್ನು ನಿಮ್ಮ ಕೈಯಾರೆ ಮಾಡಿ. 92 ನಾಟ್ ಎಂದರೆ ಸೆಕೆಂಡಿಗೆ ಸುಮಾರು 155 ಅಡಿ. ವಿಮಾನದ ಹಾದಿ 3 ಡಿಗ್ರಿಯಷ್ಟು ಕೆಳಕ್ಕೆ ಬಾಗಿದರೆ, ಅಂದರೆ ಎಡಕ್ಕೆ ಕಾಣುವ ದೋಣಿಯನ್ನು ನೋಡಲು ತಲೆ ತಿರುಗಿಸಿದಾಗ ಕೈ ಅರಿವಿಲ್ಲದೆ ಸ್ಟಿಕ್ಕನ್ನು (ವಿಮಾನವನ್ನು ನಡೆಸುವ ಹಿಡಿಯನ್ನು) ಒಂದಿಷ್ಟು ಮುಂದಕ್ಕೆ ಒತ್ತಿದರೆ ಆಗುವಷ್ಟು ಬಾಗಿದರೆ, ವಿಮಾನ ಸೆಕೆಂಡಿಗೆ 8 ಅಡಿ ಇಳಿಯುತ್ತದೆ. 11 ಅಡಿ ಎತ್ತರದಲ್ಲಿರುವವನಿಗೆ ಆಗ ಉಳಿಯುವ ಸಮಯ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ತಪ್ಪಾಗಿದೆ ಎಂದು ಗೊತ್ತಾಗುವುದಕ್ಕೇ ಮನುಷ್ಯನಿಗೆ ಅದರಲ್ಲಿ ಬಹುಪಾಲು ಬೇಕು.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣವಾದುದು. 200 ಅಡಿ ಎತ್ತರದಲ್ಲಿ, 87 ನಾಟ್ ವೇಗದಲ್ಲಿ, ಮೂಗು 45 ಡಿಗ್ರಿ ಕೆಳಗಿದೆ ಎಂದುಕೊಳ್ಳಿ. ಕೆಳಮುಖ ವೇಗ ಸೆಕೆಂಡಿಗೆ 100 ಅಡಿ ದಾಟುತ್ತದೆ. ನೀರು ತಲುಪಲು ಎರಡು ಸೆಕೆಂಡ್ ಕೂಡ ಇಲ್ಲ. ಪೈಲಟ್ ತಕ್ಷಣ, ಒಂದು ಕ್ಷಣವೂ ತಡಮಾಡದೆ, ಗುರುತ್ವದ ಎರಡು ಪಟ್ಟು ಬಲ ಬೀಳುವಂತೆ ವಿಮಾನವನ್ನು ಎಳೆದರೂ ಅದು ಸಮತಲಕ್ಕೆ ಬರುವಷ್ಟರಲ್ಲಿ ಸ್ಥೂಲವಾಗಿ 170 ಅಡಿ ಕಳೆದುಕೊಂಡಿರುತ್ತದೆ. ಒಂದು ಸೆಕೆಂಡ್ ಗಲಿಬಿಲಿಗೊಂಡರೆ ಇನ್ನೂ 100 ಅಡಿ ಹೋಗುತ್ತದೆ. 170ಕ್ಕೆ 100 ಕೂಡಿಸಿದರೆ 270, ಕೈಯಲ್ಲಿರುವುದು 200. ಇಲ್ಲಿ ಕೌಶಲದ ಪ್ರಶ್ನೆಯೇ ಏಳುವುದಿಲ್ಲ. ಹ್ಯಾಲಡೇ ಅವರಿಗೆ ಸುಮಾರು 700 ಗಂಟೆಗಳ ಹಾರಾಟದ ಅನುಭವವಿತ್ತು, ಅದರಲ್ಲಿ ಐವತ್ತಕ್ಕೂ ಹೆಚ್ಚು ಗಂಟೆ ಇದೇ ಮಾದರಿಯ ವಿಮಾನದ್ದು. ಅಮೆರಿಕದಲ್ಲಿ ಖಾಸಗಿ ಪೈಲಟ್ ಪರವಾನಗಿಗೆ ಬೇಕಾದ ಕನಿಷ್ಠ ಅನುಭವ 40 ಗಂಟೆ ಎಂಬುದನ್ನು ನೆನೆದರೆ ಇದು ಕಡಿಮೆಯಲ್ಲ.

ಹಾಗಾಗಿ ಮೊದಲ ಕೆಲಸ, ನಿಮ್ಮ ತಳಮಟ್ಟವನ್ನು, ಅಂದರೆ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಎತ್ತರವನ್ನು, ನೆಲದ ಮೇಲಿರುವಾಗಲೇ ನಿಗದಿ ಮಾಡಿಕೊಳ್ಳುವುದು. ಐಕಾನ್ ಕಂಪನಿಯ ಕಥೆಯೇ ಇದಕ್ಕೆ ದಾರಿ ತೋರಿಸುತ್ತದೆ. ಅದೇ 2017ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೆರ್ರಿಯೆಸ್ಸಾ ಸರೋವರದ ಬಳಿ ಆ ಕಂಪನಿಯ ಇಬ್ಬರು ಸಿಬ್ಬಂದಿ ಇದ್ದ ಎ5 ವಿಮಾನ, ಕೆಳಮಟ್ಟದಲ್ಲಿ ಹಾರುತ್ತಾ, ಸುತ್ತಲೂ ಕಡಿದಾಗಿ ಏರುವ ಗುಡ್ಡಗಳಿದ್ದ ಕಣಿವೆಯೊಂದಕ್ಕೆ ತಪ್ಪಾಗಿ ನುಗ್ಗಿ ನೆಲಕ್ಕೆ ಬಡಿದಿತ್ತು; ಇಬ್ಬರೂ ತೀರಿಕೊಂಡರು. ಅದಾದ ಮೇಲೆ ಅಕ್ಟೋಬರ್‌ನಲ್ಲಿ ಕಂಪನಿ ಕೆಳಮಟ್ಟದ ಹಾರಾಟಕ್ಕೆಂದೇ ಒಂದು ಮಾರ್ಗಸೂಚಿ ಹೊರಡಿಸಿ, ನೆಲದಿಂದ 300 ಅಡಿಯನ್ನು ಒಂದು ಗೆರೆಯಾಗಿ ಗುರುತಿಸಿತು. ಆ ಗೆರೆಯ ಕೆಳಗೆ ಹೋಗುವುದಾದರೆ ಹಾರಾಟದ ರೀತಿಯೇ ಬದಲಾಗಬೇಕು ಎಂಬುದು ಅದರ ಆಶಯ. ನಾನಾದರೆ ಹೊಸಬರಿಗೆ 500 ಅಡಿಯನ್ನೇ ಹೇಳುತ್ತೇನೆ, ಮತ್ತು ಇಳಿಯುವುದಕ್ಕಾಗಿ ಅಲ್ಲದೆ ಅದಕ್ಕಿಂತ ಕೆಳಗೆ ಹೋಗುವುದನ್ನು ಬೋಧಕರು ಪಕ್ಕದಲ್ಲಿ ಕುಳಿತು ಕಲಿಸುವವರೆಗೆ ಮುಂದೂಡಿ ಎನ್ನುತ್ತೇನೆ. ಸಂಖ್ಯೆ ಯಾವುದೇ ಇರಲಿ, ಅದನ್ನು ತೊಡೆಯ ಮೇಲಿನ ಪ್ಯಾಡಿನಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಬೆಂಗಳೂರಿನ ಸುತ್ತಮುತ್ತ ಹಾರುವವರು ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು: ಜಕ್ಕೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವುದರಿಂದ, ಸಮುದ್ರಮಟ್ಟಕ್ಕೆ ಹೊಂದಿಸಿದ ಆಲ್ಟಿಮೀಟರ್ (ಎತ್ತರ ತೋರಿಸುವ ಮಾಪಕ) 3,500 ಎಂದು ತೋರಿಸುವಾಗ ನಿಮ್ಮ ಕೆಳಗೆ ಇರುವುದು 500 ಅಡಿ ಮಾತ್ರ. ಆದ್ದರಿಂದ ಪ್ಯಾಡಿನಲ್ಲಿ ಬರೆಯಬೇಕಾದುದು ನೆಲದಿಂದ ಲೆಕ್ಕ ಹಾಕಿದ ಎತ್ತರವನ್ನಲ್ಲ, ಆಲ್ಟಿಮೀಟರ್ ತೋರಿಸಬೇಕಾದ ಅಂಕಿಯನ್ನು.

ಕಾನೂನಿನ ಗೆರೆಯೇ ಸುರಕ್ಷತೆಯ ಗೆರೆ ಎಂದು ಭಾವಿಸುವುದು ಈ ಹವ್ಯಾಸದಲ್ಲಿ ಬಹಳ ಮಂದಿ ಮಾಡುವ ತಪ್ಪು. ಅಮೆರಿಕದ ನಿಯಮದ ಪ್ರಕಾರ ಜನವಸತಿ ದಟ್ಟವಾಗಿರುವ ಕಡೆ, ಸುತ್ತ 2,000 ಅಡಿಯೊಳಗಿನ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲೆ ಇರಬೇಕು. ಉಳಿದ ಕಡೆ ನೆಲದಿಂದ 500 ಅಡಿ ಮೇಲೆ. ಆದರೆ ತೆರೆದ ನೀರಿನ ಮೇಲೆ ಮತ್ತು ಜನವಿರಳ ಪ್ರದೇಶದ ಮೇಲೆ ಎತ್ತರದ ಮಿತಿಯೇ ಇಲ್ಲ. ಯಾವುದೇ ವ್ಯಕ್ತಿ, ದೋಣಿ, ವಾಹನ ಅಥವಾ ಕಟ್ಟಡಕ್ಕೆ 500 ಅಡಿಗಿಂತ ಹತ್ತಿರ ಹೋಗಬಾರದು ಎಂದಷ್ಟೇ ಇದೆ. ಅಂದರೆ ಸುತ್ತ ಯಾರೂ ಇಲ್ಲದ ಕಡಲಿನ ಮೇಲೆ 11 ಅಡಿಯಲ್ಲಿ ಹಾರಿದರೆ ಆ ಒಂದೇ ಕಾರಣಕ್ಕೆ ಅದು ಎತ್ತರದ ನಿಯಮದ ಉಲ್ಲಂಘನೆಯಾಗುವುದಿಲ್ಲ. ಹ್ಯಾಲಡೇ ಅವರ ವಿಮಾನ ಆ ದಿನ ಮನೆಗಳಿಂದ 75 ಅಡಿಯಷ್ಟು ಹತ್ತಿರ ಹೋಗಿತ್ತೆಂದು ತನಿಖೆ ಹೇಳಿತು, ಅದು ಬೇರೆ ಮಾತು. ನಿಯಮ ಕಾಪಾಡುವುದು ಬಹುಮಟ್ಟಿಗೆ ಕೆಳಗಿರುವವರನ್ನು. ಮೇಲಿರುವವರು ತಮ್ಮ ಗೆರೆಯನ್ನು ತಾವೇ ಎಳೆದುಕೊಳ್ಳಬೇಕು. ಭಾರತದಲ್ಲಿ ಹಾರುವವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಈಗಿನ ನಿಯಮಗಳನ್ನೂ ಆಯಾ ಏರೋಡ್ರೋಮಿನ ಸ್ಥಳೀಯ ಆದೇಶಗಳನ್ನೂ ಓದದೆ ಹೊರಡಬಾರದು.

ದೇಹದ ತಪಾಸಣೆ

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2020ರಲ್ಲಿ ಹ್ಯಾಲಡೇ ಅಪಘಾತದ ತನಿಖೆ ಮುಗಿಸಿದಾಗ, ಮನಸ್ಸಿನ ಮೇಲೆ ಪರಿಣಾಮ ಬೀರುವ ಹಲವು ಔಷಧಗಳ ಪ್ರಭಾವದಿಂದ ವಿವೇಚನೆ ಕುಂದಿದ್ದ ಸ್ಥಿತಿಯಲ್ಲಿ ಪೈಲಟ್ ಕೆಳಮಟ್ಟದ ತೀವ್ರ ಕಸರತ್ತುಗಳಿಗೆ ಇಳಿದುದೇ ಅಪಘಾತಕ್ಕೆ ಕಾರಣವಾಗಿರಬಹುದೆಂದು ತೀರ್ಮಾನಿಸಿತು. ಇಂಥ ಸುದ್ದಿಯನ್ನು ಓದಿ, ಅದು ಪ್ರಸಿದ್ಧರ ಬದುಕಿನ ವಿಷಯ, ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ತಿರುಗಿಸುವುದು ಸುಲಭ. ಆದರೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಶೀತದ ಗುಳಿಗೆ, ಅಲರ್ಜಿಯ ಗುಳಿಗೆ, ನಿದ್ದೆ ಬಾರದಿದ್ದಾಗ ಯಾರೋ ಕೊಟ್ಟ ಅರ್ಧ ಮಾತ್ರೆ ಇವುಗಳೂ ಇದೇ ಸಾಲಿಗೆ ಸೇರುತ್ತವೆ. ಅಮೆರಿಕದ ವಿಮಾನಯಾನ ಆಡಳಿತ ಸೂಚಿಸುವ ಸರಳ ಲೆಕ್ಕವೊಂದಿದೆ: ಮಂಪರು ತರಿಸುವ ಔಷಧವನ್ನು ಎಷ್ಟು ಗಂಟೆಗೊಮ್ಮೆ ತೆಗೆದುಕೊಳ್ಳಬೇಕೆಂದು ಡಬ್ಬಿಯ ಮೇಲೆ ಬರೆದಿದೆಯೋ ಅದರ ಐದು ಪಟ್ಟು ಸಮಯ, ಕೊನೆಯ ಗುಳಿಗೆಯ ನಂತರ, ನೆಲದ ಮೇಲೇ ಕಳೆಯಬೇಕು. ಎಂಟು ಗಂಟೆಗೊಮ್ಮೆ ನುಂಗುವ ಗುಳಿಗೆಯಾದರೆ 40 ಗಂಟೆ. ಶುಕ್ರವಾರ ರಾತ್ರಿ ನುಂಗಿದವರು ಶನಿವಾರ ಹಾರುವಂತಿಲ್ಲ ಎಂದು ಇದರ ಅರ್ಥ. ವೈದ್ಯರು ಬರೆದುಕೊಟ್ಟ ಔಷಧವಾದರೂ ಅದು ಹಾರಾಟಕ್ಕೆ ಸಲ್ಲುವುದೇ ಎಂದು ವಿಮಾನಯಾನದ ವೈದ್ಯ ಪರೀಕ್ಷಕರನ್ನು ಕೇಳಿ ತಿಳಿದುಕೊಳ್ಳಬೇಕು. ಊರಿನ ವೈದ್ಯರಿಗೆ ನೀವು ಪೈಲಟ್ ಎಂಬುದೇ ಗೊತ್ತಿರಲಿಕ್ಕಿಲ್ಲ.

ಅನಾರೋಗ್ಯ, ಔಷಧ, ಮನಸ್ಸಿನ ಒತ್ತಡ, ಮದ್ಯ, ಆಯಾಸ, ಹಸಿವು ಇವಿಷ್ಟನ್ನು ಹಾರಾಟದ ಮುನ್ನ ಒಂದೊಂದಾಗಿ ತನ್ನನ್ನು ತಾನೇ ಕೇಳಿಕೊಳ್ಳಬೇಕೆಂದು ಎಲ್ಲ ಶಾಲೆಗಳಲ್ಲೂ ಕಲಿಸುತ್ತಾರೆ. ಕೆಳಮಟ್ಟದ ಹಾರಾಟಕ್ಕೆ ನಾನು ಇನ್ನೊಂದು ಪ್ರಶ್ನೆಯನ್ನು ಸೇರಿಸುತ್ತೇನೆ: ಇವತ್ತು ಯಾರು ನೋಡುತ್ತಿರುತ್ತಾರೆ? ದಡದಲ್ಲಿ ಮೊಬೈಲ್ ಹಿಡಿದು ನಿಂತ ಗೆಳೆಯರು, ತಾರಸಿಯ ಮೇಲೆ ಕಾಯುತ್ತಿರುವ ಮನೆಯವರು, ಪಕ್ಕದ ಆಸನದಲ್ಲಿ ವಿಡಿಯೋ ಮಾಡುತ್ತಿರುವ ಭಾವಮೈದ ಇದ್ದಾರೆಂದಾದರೆ ಆ ದಿನ ನಿಮ್ಮ ತಳಮಟ್ಟಕ್ಕೆ ಇನ್ನೊಂದು 500 ಅಡಿ ಸೇರಿಸಿ.

ಮೇಲಿನಿಂದ ಒಮ್ಮೆ ನೋಡಿ ಬರುವುದು

ಕೆಳಗೆ ಹಾರಬೇಕೆಂದಿರುವ ಜಾಗವನ್ನು ಮೊದಲು 1,000 ಅಡಿ ಎತ್ತರದಿಂದ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ನಿಧಾನವಾಗಿ ನೋಡಬೇಕು. ಮುಖ್ಯವಾಗಿ ಹುಡುಕಬೇಕಾದುದು ತಂತಿಗಳನ್ನು. ಆದರೆ ತಂತಿ ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿಗೆ ಎದುರಾಗಿ ಹೋಗುವಾಗಲಂತೂ ಹೈ-ಟೆನ್ಷನ್ ತಂತಿ ಕಾಣುವಷ್ಟರಲ್ಲಿ ವಿಮಾನ ಅದರ ಮೇಲಿರುತ್ತದೆ. ಆದ್ದರಿಂದ ಕಂಬಗಳನ್ನೂ ಗೋಪುರಗಳನ್ನೂ ಹುಡುಕಿ. ನದಿಯ ಒಂದು ದಡದಲ್ಲಿ ಗೋಪುರ ಕಂಡರೆ ಇನ್ನೊಂದು ದಡದಲ್ಲಿ ಅದರ ಜೋಡಿ ಇದ್ದೇ ಇರುತ್ತದೆ, ಎರಡರ ನಡುವೆ ತಂತಿ ಇದ್ದೇ ಇರುತ್ತದೆ ಎಂದು ತಿಳಿಯಬೇಕು. ಕಾಡಿನ ನಡುವೆ ಮರ ಕಡಿದು ತೆಗೆದ ನೇರವಾದ ಪಟ್ಟಿ ಕಂಡರೂ ಅದು ವಿದ್ಯುತ್ ಮಾರ್ಗವೆಂದೇ ಎಣಿಸಬೇಕು. ದೊಡ್ಡ ಗೋಪುರಗಳ ತುದಿಗಳನ್ನು ಸೇರಿಸುವ ತೆಳುವಾದ ಸಿಡಿಲುತಂತಿ ಮುಖ್ಯ ತಂತಿಗಳಿಗಿಂತ ಮೇಲಿರುತ್ತದೆ. ಕಾಣುವ ತಂತಿಯನ್ನು ತಪ್ಪಿಸಲು ಹೋಗಿ ಕಾಣದ ತಂತಿಗೆ ಸಿಕ್ಕಿಕೊಳ್ಳುವುದು ಹೀಗೆ. ಮಾರ್ಗವನ್ನು ದಾಟಲೇಬೇಕಾದರೆ ಗೋಪುರದ ನೇರ ಮೇಲೆ ದಾಟಿ, ಏಕೆಂದರೆ ಆ ಸಾಲಿನಲ್ಲಿ ಅದಕ್ಕಿಂತ ಎತ್ತರದ್ದು ಬೇರೆ ಇರುವುದಿಲ್ಲ.

ಕಣಿವೆಯೊಳಗೆ, ನದಿಯ ಇಕ್ಕೆಲದ ಗುಡ್ಡಗಳ ನಡುವೆ ಹಾರುವವರಿಗೆ ತಿರುಗಲು ಎಷ್ಟು ಜಾಗ ಬೇಕೆಂಬ ಅಂದಾಜು ಇರಬೇಕು. 85 ನಾಟ್ ವೇಗದಲ್ಲಿ ರೆಕ್ಕೆಗಳನ್ನು 30 ಡಿಗ್ರಿ ಓರೆಯಾಗಿಸಿ ತಿರುಗಿದರೆ ಹಿಂದಕ್ಕೆ ಬರಲು ಬೇಕಾಗುವ ಅಗಲ ಸುಮಾರು 680 ಮೀಟರ್. ವೇಗವನ್ನು 60 ನಾಟ್‌ಗೆ ಇಳಿಸಿದರೆ ಅದೇ ಓರೆಯಲ್ಲಿ 340 ಮೀಟರ್ ಸಾಕಾಗುತ್ತದೆ. ಬೆಂಗಳೂರು, ಮೈಸೂರಿನಂಥ ಪ್ರಸ್ಥಭೂಮಿಯ ಮೇಲೆ ಗಾಳಿ ತೆಳುವಾಗಿರುವುದರಿಂದ ವೇಗದ ಮಾಪಕದಲ್ಲಿ ಅದೇ ವೇಗ ಕಂಡರೂ ನಿಜವಾದ ವೇಗ ಹೆಚ್ಚಿರುತ್ತದೆ, ತಿರುವಿನ ಅಗಲ ಶೇಕಡಾ ಹತ್ತಕ್ಕೂ ಮಿಕ್ಕಿ ಹಿಗ್ಗುತ್ತದೆ, ಎಂಜಿನ್ನಿನ ಶಕ್ತಿಯೂ ತಗ್ಗಿರುತ್ತದೆ. ಕಣಿವೆಯ ನಡುವೆ ಹಾರಬೇಡಿ. ಒಂದು ಪಕ್ಕಕ್ಕೆ ಅಂಟಿಕೊಂಡು ಹಾರಿದರೆ ತಿರುಗಲು ಪೂರ್ತಿ ಅಗಲ ಸಿಗುತ್ತದೆ, ನಡುವೆ ಹಾರಿದರೆ ಅರ್ಧ ಮಾತ್ರ. ಕಣಿವೆಯನ್ನು ಅದರ ತಲೆಯ ಕಡೆಯಿಂದ, ಅಂದರೆ ಎತ್ತರದ ತುದಿಯಿಂದ ತಗ್ಗಿನ ಕಡೆಗೆ ಹಾರುವುದನ್ನು ರೂಢಿ ಮಾಡಿಕೊಂಡರೆ ನೆಲ ನಿಮ್ಮಿಂದ ದೂರ ಸರಿಯುತ್ತಾ ಹೋಗುತ್ತದೆ.

ಗಾಳಿಯೂ ಈ ಅಗಲವನ್ನು ತಿನ್ನುತ್ತದೆ. 2006ರ ಅಕ್ಟೋಬರ್ 11ರಂದು ನ್ಯೂಯಾರ್ಕಿನ ಈಸ್ಟ್ ನದಿಯ ಮೇಲೆ ಹಾರುತ್ತಿದ್ದ ಸಿರಸ್ ಎಸ್‌ಆರ್20 ವಿಮಾನ, ನದಿಯ ಕಿರಿದಾದ ಪಟ್ಟಿಯೊಳಗೆ ಎಡಕ್ಕೆ ತಿರುಗಿ ಹಿಂದೆ ಬರಲು ಹೋಗಿ ಮ್ಯಾನ್‌ಹಟನ್ನಿನ ವಸತಿ ಕಟ್ಟಡವೊಂದಕ್ಕೆ ಬಡಿಯಿತು. ಅಂದು ಪೂರ್ವದಿಂದ ಬೀಸುತ್ತಿದ್ದ ಗಾಳಿ ವಿಮಾನವನ್ನು ತಿರುವಿನುದ್ದಕ್ಕೂ ಪಶ್ಚಿಮಕ್ಕೆ, ಕಟ್ಟಡಗಳ ಕಡೆಗೇ ತಳ್ಳುತ್ತಿತ್ತು. ಅದರಲ್ಲಿದ್ದ ಕೋರಿ ಲೈಡಲ್ ಮತ್ತು ಅವರ ಬೋಧಕರು ಇಬ್ಬರೂ ಸತ್ತರು. ಲೈಡಲ್ ಕೂಡ ಬೇಸ್‌ಬಾಲ್ ಎಸೆತಗಾರರೇ ಆಗಿದ್ದುದು ಕಾಕತಾಳೀಯ. ಬೋಧಕರು ಪಕ್ಕದಲ್ಲಿದ್ದೂ ಲೆಕ್ಕ ತಪ್ಪಿದ್ದು ಮಾತ್ರ ಗಮನಿಸಬೇಕಾದ ಸಂಗತಿ. ಇಕ್ಕಟ್ಟಾದ ಜಾಗದಲ್ಲಿ ಯಾವಾಗಲೂ ಗಾಳಿಗೆ ಎದುರಾಗುವ ದಿಕ್ಕಿಗೇ ತಿರುಗಿ, ಆಗ ಗಾಳಿ ನಿಮ್ಮ ತಿರುವನ್ನು ಕಿರಿದು ಮಾಡುತ್ತದೆ.

ನೀರು ಕನ್ನಡಿಯಂತೆ ನಿಶ್ಚಲವಾಗಿರುವ ದಿನ ಅದರ ಮೇಲೆ ಕೆಳಗೆ ಹಾರಬೇಡಿ. ನೋಡಲು ಆ ದಿನವೇ ಚೆಂದ, ನಿಜ. ಆದರೆ ಅಲೆಯಿಲ್ಲದ ನೀರಿನಲ್ಲಿ ಆಕಾಶವೇ ಪ್ರತಿಬಿಂಬಿಸುವುದರಿಂದ 50 ಅಡಿಗೂ 5 ಅಡಿಗೂ ಇರುವ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ಅಂಥ ನೀರಿನಲ್ಲಿ ಇಳಿಯಲೇಬೇಕಾದರೆ ದಡಕ್ಕೆ ಸಮೀಪವಾಗಿ, ದಡದ ಮರಗಳನ್ನು ಅಳತೆಗೋಲಾಗಿ ಇಟ್ಟುಕೊಂಡು, ಎಂಜಿನ್ ಶಕ್ತಿಯನ್ನು ಉಳಿಸಿಕೊಂಡು, ನಿಮಿಷಕ್ಕೆ 150 ಅಡಿಯಷ್ಟು ನಿಧಾನವಾಗಿ ಇಳಿಯುತ್ತಾ ನೀರು ತಾನಾಗಿ ತಗಲುವವರೆಗೆ ಕಾಯುವುದು ಕ್ರಮ.

ಕೆಳಗಿರುವಾಗ ಸ್ಟಿಕ್ಕನ್ನು ಹಿಡಿಯುವ ರೀತಿ

ಸ್ಟಾಲ್ ಆಗುವುದು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುವುದು, ವೇಗ ಕಡಿಮೆಯಾದುದರಿಂದ ಎಂದು ಮೊದಲ ವಾರದಲ್ಲಿ ಕಲಿತದ್ದನ್ನು ಇಲ್ಲಿ ತಿದ್ದಿಕೊಳ್ಳಬೇಕು. ಗಾಳಿಗೂ ರೆಕ್ಕೆಗೂ ನಡುವಿನ ಕೋನ ಮಿತಿ ಮೀರಿದಾಗ ರೆಕ್ಕೆ ಎತ್ತುವುದನ್ನು ನಿಲ್ಲಿಸುತ್ತದೆ, ಆಗ ವೇಗ ಎಷ್ಟೇ ಇರಬಹುದು. ನೇರವಾಗಿ ಹಾರುವಾಗ 45 ನಾಟ್‌ಗೆ ಸ್ಟಾಲ್ ಆಗುವ ವಿಮಾನ, ಎತ್ತರ ಕಳೆದುಕೊಳ್ಳದಂತೆ 45 ಡಿಗ್ರಿ ಓರೆಯಲ್ಲಿ ತಿರುಗಿದರೆ 53 ನಾಟ್ ಸುಮಾರಿಗೇ, 60 ಡಿಗ್ರಿಯಲ್ಲಾದರೆ 64 ನಾಟ್ ಸುಮಾರಿಗೇ ಸ್ಟಾಲ್ ಆಗುತ್ತದೆ. ಐಕಾನ್ ಎ5 ಸುರುಳಿಯಾಗಿ ಬೀಳದಂತೆ ತಡೆಯುವ ವಿನ್ಯಾಸವನ್ನು ಹೊಂದಿದೆ, ರೆಕ್ಕೆಯ ಕೋನವನ್ನು ತೋರಿಸುವ ಮಾಪಕವನ್ನು ಕಣ್ಣೆದುರೇ ಇಟ್ಟಿದೆ. ಅವೆಲ್ಲ ಒಳ್ಳೆಯ ಏರ್ಪಾಡುಗಳೇ. ಆದರೆ 100 ಅಡಿಯಲ್ಲಿ ಸುರುಳಿ ಸುತ್ತದೆ ನೇರವಾಗಿ ಬಿದ್ದರೂ ನೀರು ಅಷ್ಟೇ ಗಟ್ಟಿ.

ಆದ್ದರಿಂದ ತಳಮಟ್ಟದ ಹತ್ತಿರ ಇರುವಾಗ ಓರೆಯನ್ನು 30 ಡಿಗ್ರಿಗೆ ಮಿತಿಗೊಳಿಸಿ. ಆ ಓರೆಯಲ್ಲಿ ಸ್ಟಾಲ್ ವೇಗ ಹೆಚ್ಚುವುದು ಶೇಕಡಾ 7 ಮಾತ್ರ. ತಿರುಗುವ ಮೊದಲು ಮೂಗನ್ನು ಒಂದು ಎಳೆಯಷ್ಟು ಎತ್ತಿ, ಹತ್ತಿಪ್ಪತ್ತು ಅಡಿ ಮೇಲೆ ಹೋಗುತ್ತಲೇ ತಿರುಗಿ; ಇಳಿಯುತ್ತಾ ತಿರುಗಬೇಡಿ. ಕಣ್ಣು ಮುಂದಿನ ದಿಗಂತದ ಮೇಲಿರಲಿ. ಪಕ್ಕಕ್ಕೆ ನೋಡಬೇಕೆನ್ನಿಸಿದರೆ ಮೊದಲು ಮೇಲೇರಿ, ಅನಂತರ ನೋಡಿ. ಕೆಳಗೆ ವೇಗವಾಗಿ ಬಂದು ಥಟ್ಟನೆ ಮೂಗೆತ್ತಿ, ಮೇಲೆ ವೇಗ ಕುಗ್ಗಿದಾಗ ಪಕ್ಕಕ್ಕೆ ಉರುಳಿಸಿ ಮತ್ತೆ ಕೆಳಗೆ ಧುಮುಕುವ ಆಟ ನೋಡುವವರಿಗೆ ಬಲು ಸೊಗಸು. ಹ್ಯಾಲಡೇ ಅವರ ವಿಮಾನ ಕೊನೆಯ ನಿಮಿಷಗಳಲ್ಲಿ ಮಾಡುತ್ತಿದ್ದುದು ಇಂಥದ್ದನ್ನೇ. ಅಮೆರಿಕದ ನಿಯಮ ಕಸರತ್ತಿನ ಹಾರಾಟವನ್ನು 1,500 ಅಡಿಗಿಂತ ಕೆಳಗೆ ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಗಾಳಿ ಇರುವ ದಿನ ಕಣ್ಣು ಮಾಡುವ ಮೋಸ ಇನ್ನೂ ಸೂಕ್ಷ್ಮವಾದುದು, ಮತ್ತು ಇದನ್ನು ಎತ್ತರದಲ್ಲಿ ಹಾರುವವರು ಎಂದೂ ಅನುಭವಿಸಿರುವುದಿಲ್ಲ. 2,000 ಅಡಿಯಲ್ಲಿ ನೆಲ ನಿಧಾನವಾಗಿ ಸರಿಯುತ್ತದೆ. 200 ಅಡಿಯಲ್ಲಿ ಅದು ಧಾವಿಸುತ್ತದೆ. 20 ನಾಟ್ ಗಾಳಿಗೆ ಎದುರಾಗಿ 70 ನಾಟ್ ವೇಗದಲ್ಲಿ ಹೋಗುತ್ತಿದ್ದವರು ತಿರುಗಿ ಗಾಳಿ ಬೆನ್ನಿಗೆ ಬಂದಾಗ, ನೆಲದ ಮೇಲಿನ ವೇಗ 50ರಿಂದ 90ಕ್ಕೆ ಏರಿದಂತೆ ಕಾಣುತ್ತದೆ. ವಿಮಾನ ಗಾಳಿಯಲ್ಲಿ ಅದೇ 70 ನಾಟ್‌ನಲ್ಲಿದೆ, ಆದರೆ ಕೆಳಗೆ ಹೊಲಗಳು ಓಡುತ್ತಿರುವುದನ್ನು ಕಂಡು ಕೈ ತಾನಾಗಿ ಎಂಜಿನ್ನಿನ ಶಕ್ತಿ ತಗ್ಗಿಸಲು ಥ್ರಾಟಲ್ ಹಿಂದೆಳೆಯುತ್ತದೆ, ಸ್ಟಿಕ್ಕನ್ನು ಹಿಂದೆಳೆಯುತ್ತದೆ. ಅದೇ ತಿರುವಿನಲ್ಲಿ ಗಾಳಿ ವಿಮಾನವನ್ನು ಪಕ್ಕಕ್ಕೆ ಒಯ್ಯುವುದರಿಂದ ವಿಮಾನ ಒಳಗಡೆ ಜಾರುತ್ತಿದೆ ಎಂಬ ಭ್ರಮೆಯಾಗಿ ಕಾಲು ಒಳಬದಿಯ ರಡ್ಡರನ್ನು (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲನ್ನು) ಒತ್ತುತ್ತದೆ. ವೇಗ ಕಡಿಮೆ, ರೆಕ್ಕೆಯ ಕೋನ ಹೆಚ್ಚು, ರಡ್ಡರ್ ತಪ್ಪು ದಿಕ್ಕಿಗೆ: ವಿಮಾನವನ್ನು ಸುರುಳಿಗೆ ತಳ್ಳಲು ಬೋಧಕರು ಎತ್ತರದಲ್ಲಿ ಬೇಕೆಂದೇ ಮಾಡಿ ತೋರಿಸುವುದೂ ಇದನ್ನೇ. ಪರಿಹಾರ ಒಂದೇ. ತಿರುಗುವಾಗ ನೆಲವನ್ನು ನಂಬಬೇಡಿ. ವೇಗದ ಮಾಪಕವನ್ನೂ, ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ, ಗಾಜಿನ ಕೊಳವೆಯೊಳಗಿನ ಗುಂಡನ್ನೂ ನೋಡಿ, ಗುಂಡು ನಡುವೆ ಇರುವಂತೆ ಕಾಲಿಡಿ. ಇದನ್ನು 1,000 ಅಡಿಯಲ್ಲಿ ರಸ್ತೆಯೊಂದರ ಸುತ್ತ ಅಭ್ಯಾಸ ಮಾಡಿದರೆ ಒಂದು ಮಧ್ಯಾಹ್ನದಲ್ಲಿ ಅರ್ಥವಾಗುತ್ತದೆ.

ಎಂಜಿನ್ ನಿಂತರೆ ಮಾಡಬೇಕಾದುದನ್ನೂ ಮೊದಲೇ ಬಾಯಿಪಾಠ ಮಾಡಿರಬೇಕು. ವೇಗ ಹೆಚ್ಚಿದ್ದರೆ ಅದನ್ನು ಎತ್ತರವಾಗಿ ಬದಲಿಸಿಕೊಳ್ಳಬಹುದು. 92 ನಾಟ್‌ನಿಂದ 60 ನಾಟ್‌ಗೆ ಬರುವವರೆಗೆ ಮೇಲೇರಿದರೆ ಕಾಗದದ ಮೇಲೆ ಸುಮಾರು 200 ಅಡಿ ಸಿಗುತ್ತದೆ, ನಿಜದಲ್ಲಿ ಅದಕ್ಕಿಂತ ಕಡಿಮೆ. ಆದರೆ ಹಾಗೆ ಏರಿದವರು ಮೇಲೆ ತಲುಪುವ ಮುನ್ನವೇ ಮೂಗನ್ನು ದೃಢವಾಗಿ ಕೆಳಗೆ ತರಬೇಕು, ಇಲ್ಲದಿದ್ದರೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಅನಂತರ ಮುಂದೆ ಕಾಣುವ 30 ಡಿಗ್ರಿ ಎಡಬಲದೊಳಗೆ ಎಲ್ಲಿ ಸಿಕ್ಕರೆ ಅಲ್ಲಿ ಇಳಿಯಿರಿ. ಹಿಂದಕ್ಕೆ ತಿರುಗುವ ಆಸೆ ಬೇಡ. ನೀರಿನಲ್ಲಿ ಇಳಿಯುವವರು ಚಕ್ರಗಳು ಒಳಗಿವೆಯೇ ಎಂದು ಜೋರಾಗಿ ಹೇಳಿಕೊಂಡು ನೋಡಬೇಕು. ಚಕ್ರ ಹೊರಗಿದ್ದು ನೀರು ಮುಟ್ಟಿದರೆ ವಿಮಾನ ಮುಗುಚುವುದು ಬಹುತೇಕ ಖಚಿತ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಹಲವು ಹಗುರ ವಿಮಾನಗಳಲ್ಲಿ ಇರುತ್ತದೆ, ಆದರೆ ಬಿಚ್ಚಿಕೊಳ್ಳಲು ಅದಕ್ಕೆ ಎತ್ತರವೂ ಕೆಲವು ಸೆಕೆಂಡ್‌ಗಳೂ ಬೇಕು. ಕೆಳಮಟ್ಟದ ಹಾರಾಟದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನೀರಿನೊಳಗಿಂದ ಹೊರಬರುವುದು

ಮುಗುಚಿದ ವಿಮಾನದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಹೊರಡುವ ಮುನ್ನ, ಆಸನದಲ್ಲಿ ಕುಳಿತು, ಕಣ್ಣು ಮುಚ್ಚಿ, ಒಂದು ಕೈಯನ್ನು ಬಾಗಿಲಿನ ಚೌಕಟ್ಟಿನ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಚಿಲಕವನ್ನೂ ಬೆಲ್ಟಿನ ಗುಂಡಿಯನ್ನೂ ತಡವಿ ಹುಡುಕುವುದನ್ನು ಮೂರು ಬಾರಿ ಅಭ್ಯಾಸ ಮಾಡಿ; ಪಕ್ಕದವರಿಂದಲೂ ಮಾಡಿಸಿ. ನೀರಿಗೆ ಇಳಿಯುವುದು ಅನಿವಾರ್ಯವೆಂದಾಗ ಬಾಗಿಲನ್ನು ಮೊದಲೇ ತೆರೆಯಿರಿ. ವಿಮಾನ ಪೂರ್ತಿ ನಿಂತ ಮೇಲೆ, ಚೌಕಟ್ಟನ್ನು ಹಿಡಿದ ಕೈಯನ್ನು ಬಿಡದೆ, ಬೆಲ್ಟನ್ನು ಕೊನೆಯಲ್ಲಿ ಬಿಚ್ಚಿ. ಬೆಲ್ಟ್ ಮೊದಲು ಬಿಚ್ಚಿದವರು ತೇಲಿ ತಿರುಗಿ ದಿಕ್ಕು ತಪ್ಪುತ್ತಾರೆ. ಲೈಫ್ ಜಾಕೆಟ್ ಮೈಮೇಲೆ ತೊಟ್ಟಿರಬೇಕು, ಆಸನದ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಅದಕ್ಕೆ ಗಾಳಿ ತುಂಬುವುದು ಹೊರಗೆ ಬಂದ ಮೇಲೆಯೇ, ಒಳಗೆ ತುಂಬಿದರೆ ಅದೇ ನಿಮ್ಮನ್ನು ಮೇಲೆ ನೂಕಿ ಒಳಗೇ ಸಿಕ್ಕಿಸುತ್ತದೆ.

ಪ್ರಯಾಣಿಕರಾಗಿ ಹತ್ತುವವರಿಗೆ ಎರಡೇ ಮಾತು. ಹತ್ತುವ ಮೊದಲು, ಎಷ್ಟು ಎತ್ತರಕ್ಕಿಂತ ಕೆಳಗೆ ಹೋಗುವುದಿಲ್ಲ ಎಂದು ಪೈಲಟ್ಟನ್ನು ಕೇಳಿ. ಸಂಖ್ಯೆ ತಡವರಿಸದೆ ಬಂದರೆ ಹತ್ತಿ. "ನೋಡೋಣ" ಎಂದರೆ ಇಳಿದುಬಿಡಿ.

ದಡದಲ್ಲಿ ನಿಂತು ಅಪಘಾತ ಕಂಡವರು ಭಾರತದಲ್ಲಾದರೆ 112ಕ್ಕೆ, ಅಮೆರಿಕದಲ್ಲಾದರೆ 911ಕ್ಕೆ ಕರೆ ಮಾಡಿ, ನಿಂತ ಜಾಗದಿಂದ ವಿಮಾನ ಬಿದ್ದ ದಿಕ್ಕನ್ನು ಯಾವುದಾದರೂ ಮರಕ್ಕೋ ಕಟ್ಟಡಕ್ಕೋ ಗುರುತಿಟ್ಟುಕೊಳ್ಳಿ, ಏಕೆಂದರೆ ನೀರಿನಲ್ಲಿ ಅವಶೇಷ ಕೊಚ್ಚಿ ಸಾಗುತ್ತದೆ. ಒಳಗಿರುವವರನ್ನು ಎಳೆಯಲು ಹೋಗುವುದಾದರೆ, ವಿಮಾನದ ಮೈಮೇಲೆ, ಪ್ಯಾರಾಚೂಟನ್ನು ಹೊರಗೆಳೆಯುವ ರಾಕೆಟ್ ಇದೆ ಎಂಬ ಎಚ್ಚರಿಕೆಯ ತ್ರಿಕೋನ ಚೀಟಿ ಇದೆಯೇ ನೋಡಿ. ಸಿಡಿಯದೆ ಉಳಿದ ರಾಕೆಟ್ ಬಡಿದ ಹೊಡೆತಕ್ಕೆ ಸಡಿಲಗೊಂಡಿರಬಹುದು. ಅದು ಹಾರುವ ದಿಕ್ಕಿನಿಂದ ದೂರ ನಿಂತು, ಪ್ಯಾರಾಚೂಟ್ ಬಿಚ್ಚುವ ಹಿಡಿಕೆಯನ್ನಾಗಲಿ ಅದರ ಕೇಬಲ್ಲನ್ನಾಗಲಿ ಮುಟ್ಟದೆ ಕೆಲಸ ಮಾಡಬೇಕು. ಜೀವ ಉಳಿಸಲು ಬೇಕಾದಷ್ಟನ್ನು ಬಿಟ್ಟು ಅವಶೇಷದ ಯಾವುದನ್ನೂ ಸ್ಥಳದಿಂದ ಕದಲಿಸಬೇಡಿ, ನೀವು ಮಾಡಿದ ವಿಡಿಯೋವನ್ನು ಕತ್ತರಿಸದೆ ಹಾಗೆಯೇ ತನಿಖಾಧಿಕಾರಿಗಳಿಗೆ ಕೊಡಿ. 11 ಅಡಿ, 358 ಅಡಿ, 200 ಅಡಿ ಎಂಬ ಅಂಕಿಗಳು ಹ್ಯಾಲಡೇ ಅವರ ವಿಮಾನದಲ್ಲಿದ್ದ ದತ್ತಾಂಶ ಪೆಟ್ಟಿಗೆಯಿಂದ ಸಿಕ್ಕವು. ಕೊನೆಯ ಏರಿಕೆಯೂ ಇಳಿಕೆಯೂ ಹೇಗಿತ್ತೆಂಬುದನ್ನು ಹೇಳಲು ಒಬ್ಬ ಸಾಕ್ಷಿಯ ಕಣ್ಣೂ ನೆರವಾಯಿತು.